ಎಂಜಿನ್ ಆರುವ ಹೊತ್ತು

ಆಗ ನನಗೆ ಅರವತ್ತೆರಡು. ಇದು ನಾಲ್ಕು ವರ್ಷದ ಹಿಂದಿನ ಮಾತು. ಈಗ ಎಷ್ಟಾಯ್ತು ಅಂತ ನೀವೇ ಕೂಡಿಸಿಕೊಳ್ಳಿ, ನನಗೆ ಕೂಡಿಸೋದೂ ಬೇಜಾರು.

ನೆನಪಿಗೆ ಬಂದಿದ್ದು ಒಂದು ತಗಡಿನ ದೆಸೆಯಿಂದ. ನಮ್ಮ ಕೋಳಿಗೂಡಿಗೆ ಬಾಗಿಲು ಅಂತ ಒಂದು ತಗಡು ಇಟ್ಟೀನಿ. ಮೂಲೆ ಸೊಟ್ಟ, ಒಂದು ಮೈ ಪೂರ್ತಿ ಸುಟ್ಟು ಕರ್ರಗೆ. ಮೊನ್ನೆ ಬೆಳಗ್ಗೆ ಕೋಳಿ ಬಿಡಾಕೆ ಅದನ್ನ ಸರಿಸಿದೆ. ಕೈಗೆ ತಣ್ಣಗೆ ತಾಗಿತು. ದಿನಾ ಹಂಗೇ ತಾಗುತ್ತೆ, ಅವತ್ತು ಮಾತ್ರ ಗೊತ್ತಾಯಿತು. ಇಪ್ಪತ್ತು ವರ್ಷ ಇದೇ ತಗಡು ನನ್ನ ಕೈ ಸುಟ್ಟೈತೆ. ನಮ್ಮ ಹಳೇ ಲಗೇಜ್ ಆಟೋದಾಗೆ ಎಂಜಿನ್ ಮೇಲೆ ಮುಚ್ಚಿದ್ದ ತಗಡು ಇದು. ಗಾಡಿ ಗುಜರಿಗೆ ಹೋಗುವಾಗ ಇದೊಂದನ್ನ ಕಿತ್ತು ಇಟ್ಟುಕೊಂಡೆ. ಪ್ರೀತಿಗಲ್ಲ. ಕೋಳಿಗೂಡಿಗೆ ಬಾಗಿಲು ಇರಲಿಲ್ಲ.

ನಾವು ನ್ಯಾಮತಿಯವರು. ಮಂಡಕ್ಕಿ ಮಾರೋದು ಕಸುಬು. ಜೊತೆಗೆ ಪುಟಾಣಿ, ಶೇಂಗಾ, ಖಾರ. ದಾವಣಗೆರೆ ಭಟ್ಟಿಯಿಂದ ಮಂಡಕ್ಕಿ ಚೀಲ ತಂದು ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಜಗಳೂರು, ಈ ನಾಲ್ಕು ಸಂತೆ ಮಾಡೋದು. ಗಾಡಿ ಓಡಿಸೋನು ನನ್ನ ಗಂಡ. ಹೆಸರು ಹಾಲಪ್ಪ. ಗಂಡನ ಹೆಸರು ಹೇಳಬಾರದು ಅಂತಾರೆ. ಇಷ್ಟು ವರ್ಷ ಹೇಳದೇ ಇದ್ದು ನನಗೇನು ಬಂತು? ಇಲ್ಲಿ ಹೇಳ್ತೀನಿ. ಸೇರಿನಾಗೆ ಅಳೆಯೋಳು ನಾನು. ಕೂಗೋಳೂ ನಾನೇ. ಚೀಲ ಇಳಿಸೋಳು, ಹಾಸೋಳು, ಕಟ್ಟೋಳು, ಮನೆಗೆ ಬಂದು ಒಲೆ ಹಚ್ಚೋಳೂ ನಾನೇ. ಹಾಲಪ್ಪ ಗಾಡಿ ಓಡಿಸ್ತಾನೆ. ಅದು ದೊಡ್ಡ ಕೆಲಸ ಅಂತ ಅವನೇ ಹೇಳಿದ್ದು.

ಹಳೇ ಗಾಡೀದು ಗಾಳಿ ಎಂಜಿನ್. ಗಾಳಿ ಬಡಿದೇ ಅದು ತಣ್ಣಗಾಗಬೇಕು, ಅದಕ್ಕೆ ನೀರಿನ ಗೊಡವೆಯೇ ಇಲ್ಲ. ಹಗ್ಗ ಸುತ್ತಿ ಎಳೆದರೆ ಡಬಡಬ ಅಂತ ಎದ್ದು ಕೂರುತ್ತಿತ್ತು. ಅದರ ಸದ್ದಿನಾಗೆ ಪಕ್ಕದಲ್ಲಿ ಕೂತೋನು ಸತ್ತರೂ ಗೊತ್ತಾಗ್ತಿರಲಿಲ್ಲ. ಹಾಲಪ್ಪನ ಕಿವಿ ಅರ್ಧ ಹೋಗಿದ್ದು ಅದರಿಂದಲೇ. ಡ್ರೈವರ್ ಪಕ್ಕ ನನಗೆ ಅರ್ಧ ಕುಂಡಿ ಊರೋಷ್ಟು ಜಾಗ. ಇಪ್ಪತ್ತು ವರ್ಷ ನಾವಿಬ್ಬರೂ ಆ ಗಾಡೀಲಿ ಒಂದು ಮಾತೂ ಆಡಿಲ್ಲ. ನೋಡಿದೋರು ನಮ್ಮದು ಒಳ್ಳೇ ಸಂಸಾರ ಅಂತಿದ್ದರು. ಹೌದು, ಒಳ್ಳೇದಾಗೇ ಇತ್ತು.

ಗಾಳಿ ಎಂಜಿನ್‌ಗೆ ಒಂದು ಕಾಯಿಲೆ. ಏರು ಬಂತೂ ಅಂದರೆ ಗಾಡಿ ತೆವಳುತ್ತೆ, ಬಿಸಿ ಏರುತ್ತೆ. ಮಂಡಕ್ಕಿ ಹಗುರ ಅಂತೀರಿ. ಹಗುರ ಹೌದು, ಆದರೆ ಚೀಲ ಮನೆ ಎತ್ತರ ಕಟ್ಟಿರ್ತೀವಿ, ಎದುರುಗಾಳಿಗೆ ಗೋಡೆ ನಿಲ್ಲಿಸಿದಂಗೆ. ಮಾಲೆ ಹಾಕಿಕೊಂಡು ಸೂರಗೊಂಡನಕೊಪ್ಪದ ಜಾತ್ರೆಗೆ ನಡೆದು ಹೋಗೋ ಲಂಬಾಣಿ ಜನ ಏರಿನಾಗೆ ನಮ್ಮನ್ನ ಹಿಂದೆ ಹಾಕಿ ಹೋಗೋರು. ಒಂದು ಸಲ ಒಬ್ಬ ಮುದುಕಿ ಕೋಲೂರಿಕೊಂಡು ನಮ್ಮ ಪಕ್ಕಕ್ಕೇ ಬಂದು, "ಏ ಯಾಡಿ, ಇಳಿದು ಬಾರೇ, ಬೇಗ ಹೋಗಾನ" ಅಂತ ಕರೆದಳು. ಯಾಡಿ ಅಂದರೆ ಅವರ ಮಾತಿನಾಗೆ ಅವ್ವ. ಹಾಲಪ್ಪನಿಗೆ ಕೇಳಲಿಲ್ಲ. ಕೇಳಿದ್ದರೆ ಅವತ್ತು ಊಟ ಬಿಡೋನು.

ಬಿಸಿ ಏರಿದ ಮೇಲೆ ಸುಟ್ಟ ವಾಸನೆ ಬರುತ್ತೆ, ಎಂಜಿನ್ ಕೈ ಚೆಲ್ಲುತ್ತೆ. ಆಗ ನಿಲ್ಲಿಸಲೇಬೇಕು. ದೇವರೇ ಬಂದು ಹೇಳಿದರೂ ಅದು ಆರೋತನಕ ಹೊರಡಂಗಿಲ್ಲ. ಯಾವ ದಾರೀಲಿ ಎಲ್ಲಿಗೆ ಬಂದರೆ ಬಿಸಿ ಏರುತ್ತೆ ಅನ್ನೋದು ವರ್ಷಗಟ್ಟಲೆ ಹೋಗಿ ಬಂದು ಗೊತ್ತಾಗಿತ್ತು. ಜಗಳೂರು ದಾರೀಲಿ ದಿಬ್ಬದ ಮೇಲಿನ ಒಂದು ಬೇವಿನ ಮರ. ಚನ್ನಗಿರಿ ದಾರೀಲಿ ಭದ್ರಾ ನಾಲೆ ಏರಿ ಮೇಲಿನ ಹೊಂಗೆ ಮರ. ಹೊನ್ನಾಳಿ ಹತ್ತಿರದ್ದು, ಅಲ್ಲಿಗೆ ಹೋಗೋದರೊಳಗೆ ಎಂಜಿನ್ ಬಿಸಿಯಾಗೋದೇ ಇಲ್ಲ. ಹೊನ್ನಾಳಿ ಸಂತೆ ಅಂದರೆ ನನಗೆ ಆಗ್ತಿರಲಿಲ್ಲ.

ಯಾಕೆ ಅಂದರೆ, ಎಂಜಿನ್ ಆರೋ ಆ ಹೊತ್ತು ನನ್ನದು. ಬೇವಿನ ಮರದ ಕೆಳಗೆ ಖಾಲಿ ಚೀಲ ಹಾಸ್ತಿದ್ದೆ. ಕಾಲು ನೀಡ್ತಿದ್ದೆ. ಎಲೆ ಅಡಿಕೆ ಹಾಕ್ಕೊಂಡು, ಜಗಿದು, ಉಗಿದು, ಇನ್ನೊಂದು ಹಾಕ್ಕೊಳ್ಳೋಷ್ಟು ಹೊತ್ತು. ಅಲ್ಲಿ ಒಲೆ ಇಲ್ಲ, ಸೇರಿಲ್ಲ, ಗಿರಾಕಿ ಇಲ್ಲ. ಏಳೇ ಅಂತ ಯಾರೂ ಹೇಳಂಗಿಲ್ಲ, ಎದ್ದರೂ ಮಾಡಾಕೆ ಏನೂ ಇಲ್ಲ. ಹಾಲಪ್ಪ ದೂರ ಹೋಗಿ ಬೀಡಿ ಸೇದೋನು.

ನಮ್ಮಪ್ಪನ ಮನೆ ಜಗಳೂರಿನ ಆಚೆ ಸೊಕ್ಕೆ. ಅಪ್ಪನಿಗೆ ಒಂದು ಜೋಡಿ ಎತ್ತು. ಬಿಸಿಲು ನೆತ್ತಿಗೆ ಬಂದ ಕೂಡಲೇ ಅಪ್ಪ ನೊಗದಿಂದ ಕೊಳ್ಳು ಬಿಚ್ಚಿ ಎತ್ತನ್ನ ನೆರಳಿಗೆ ಕಟ್ಟೋನು. ಎತ್ತು ಮೆಲುಕು ಹಾಕೋವು. ಅಪ್ಪ ಟವೆಲ್ ಮುಖದ ಮೇಲೆ ಹಾಕ್ಕೊಂಡು ಮಲಗೋನು. ಅವ್ವ ಮಾತ್ರ ರೊಟ್ಟಿ ಬುಟ್ಟಿ ಹೊತ್ತು ಬಂದೋಳು ಅದನ್ನ ಇಳಿಸಿ, ಬಡಿಸಿ, ಎತ್ತಿಗೆ ನೀರು ಕುಡಿಸಿ, ಹೋಗ್ತಾ ಒಂದು ಹೊರೆ ಸೌದೆ ಹೊತ್ತು ಹೋಗೋಳು. ನಾನು ಸಣ್ಣೋಳು, ಒಂದು ದಿನ ಕೇಳಿದೆ, "ಅವ್ವಾ, ನಿನ್ನನ್ನ ಯಾವಾಗ ಬಿಚ್ತಾರೆ?" ಅಂತ. ಅವ್ವ ಸೌದೆ ಪಕ್ಕಕ್ಕಿಟ್ಟು ನನ್ನ ಕೆನ್ನೆಗೆ ಒಂದು ಕೊಟ್ಟಳು. ಉತ್ತರ ಗೊತ್ತಿಲ್ಲದೇ ಇದ್ದಾಗ ಅವ್ವ ಹೊಡೀತಿದ್ದಳು. ನಾನೂ ನನ್ನ ಮಗಳಿಗೆ ಹಂಗೇ ಮಾಡೀನಿ.

ನಾನು ಓದಿದ್ದು ಎರಡನೇ ಕ್ಲಾಸು, ಮಾತು ಆಚೀಚೆ ಹೋಗುತ್ತೆ. ಎಂಜಿನ್‌ಗೆ ಬರ್ತೀನಿ.

ಆರಿತೋ ಇಲ್ಲವೋ ಅಂತ ನೋಡೋದು ನನ್ನ ಕೆಲಸ. ರೊಟ್ಟಿ ಹಂಚು ಕಾದೈತಾ ಅಂತ ನೋಡಲ್ವಾ, ಹಂಗೇ. ಚೊಂಬಿನಾಗಿಂದ ಎರಡು ಹನಿ ನೀರು ಈ ತಗಡಿನ ಮೇಲೆ ಚಿಮುಕಿಸೋದು. ಚುರ್ ಅಂದರೆ ಇನ್ನೂ ಕೂರಬೇಕು. ಸುಮ್ಮನಿದ್ದರೆ ಏಳಬೇಕು. ಹಾಲಪ್ಪ ಬೀಡಿ ಮುಗಿಸಿ ಅಲ್ಲಿಂದಲೇ ಕೂಗೋನು, "ಆರಿತಾ?"

"ಇನ್ನೂ ಚುರ್ ಅಂತೈತೆ" ಅಂತ ನಾನು ಕೈ ಆಡಿಸಿ ಹೇಳೋಳು.

ಅವನ ಕಿವಿಗೆ ಚುರ್ ಅನ್ನೋದು ಕೇಳ್ತಿರಲಿಲ್ಲ. ನಾನು ಹೇಳಿದ್ದೇ ಚುರ್. ಕೆಲವು ದಿನ ತಗಡು ಗಡಿಗೆ ನೀರಿನಷ್ಟು ತಣ್ಣಗಿದ್ದಾಗಲೂ ನಾನು ಚುರ್ ಅಂದೀನಿ. ಏನೀಗ?

ಆ ತಗಡಿನ ಇನ್ನೊಂದು ಉಪಕಾರ ಹೇಳಬೇಕು. ಮಳೆಗಾಲದಾಗೆ ಮಂಡಕ್ಕಿ ಬಲು ಬೇಗ ಮೆತ್ತಗಾಗುತ್ತೆ. ನಮ್ಮ ಚೀಲ ಮಾತ್ರ ಎಂಜಿನ್ ಮೇಲೆಯೇ ಕೂತಿರ್ತಿದ್ದವಲ್ಲ, ಕೆಳಗಿಂದ ಬಿಸಿ ಬಡಿದು ಬಡಿದು ಗರಿಗರಿ ಇರ್ತಿತ್ತು. ನಲ್ಲೂರಿಂದ ಚನ್ನಗಿರಿ ಸಂತೆಗೆ ಬರೋ ಹೆಣ್ಣುಮಕ್ಕಳು ಬೇರೆಯವರ ರಾಶಿ ದಾಟಿ ನಮ್ಮ ಹತ್ತಿರ ಬರೋರು. "ತಿಪ್ಪಮ್ಮನ ಮಂಡಕ್ಕಿ ಮುರಿದರೆ ಸದ್ದು ಬರ್ತೈತೆ" ಅನ್ನೋರು. ನನ್ನ ಕೈಗುಣ ಅಂದ್ಕೊಂಡಿದ್ದರು. ನಾನೂ ಹಂಗೇ ಅಂದ್ಕೊಂಡಿದ್ದೆ, ಗಾಡಿ ಬದಲಾಯಿಸೋತನಕ.

ನೀರಿನ ಎಂಜಿನ್, ಅಂದರೆ ಒಳಗೆ ನೀರು ಓಡಿ ತಣ್ಣಗಾಗೋದು, ಅದನ್ನ ಹತ್ತಿರದಿಂದ ನಾನು ಮೊದಲು ನೋಡಿದ್ದೂ ಅದೇ ಬೇವಿನ ಮರದ ಕೆಳಗೆ. ನಾವು ಕೂತಿದ್ವಿ. ಒಂದು ಕೆಂಪು ಕಾರು ಬಂತು. ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಹೋಗೋ ಅಂಥ ಕಾರು, ಎರಡೇ ಬಾಗಿಲು, ಒಳಗೆ ಮಲಗಿದಂಗೆ ಕೂರಬೇಕು. ರೇಸಿಗೆ ಬಿಡೋ ಕಾರಂತೆ. ನಮ್ಮ ದಾರಿ ಗುಂಡಿಗೆ ಅದು ಯಾಕೆ ಬಂತೋ. ಮೂತಿಯಿಂದ ಬುಸಬುಸ ಹೊಗೆ. ಇಳಿದೋನು ಚಿಕ್ಕ ವಯಸ್ಸಿನೋನು, ಕಪ್ಪು ಕನ್ನಡಕ, ಬಿಳೀ ಬೂಟು.

"ಅಜ್ಜಿ, ಸ್ವಲ್ಪ ನೀರು ಕೊಡ್ತೀರಾ?" ಅಂದ.

ಚೊಂಬು ಕೊಟ್ಟೆ. ಅವನು ಅದನ್ನ ತಗೊಂಡು ಕಾರಿನ ಕಡೆ ನಡೆದ.

"ಏಯ್, ಕುಡಿಯಾಕೆ ಅಂತ ಕೊಟ್ಟೀನಿ. ಕಾರಿಗೆ ಹುಯ್ಯಾಕಲ್ಲ."

"ಕಾರಿಗೇ ಬೇಕಾಗಿದ್ದು ಅಜ್ಜಿ. ನೀರು ಕಮ್ಮಿಯಾಗಿ ಕುದೀತಾ ಐತೆ."

ಹಾಲಪ್ಪನಿಗೆ ಅದು ಹೆಂಗೋ ಕೇಳಿಸಿಬಿಟ್ಟಿತು. ಬೀಡಿ ಎಸೆದು ಓಡಿ ಬಂದ. ಆ ಹುಡುಗನ ಸುತ್ತ ಒಂದು ಸುತ್ತು ಹಾಕಿ, "ಏನ್ ಸ್ವಾಮಿ, ಇಷ್ಟು ದೊಡ್ಡ ಕಾರು, ಮುದುಕಿ ಚೊಂಬಿಗೆ ಕೈ ಒಡ್ಡೋದಾ? ನಮ್ದು ನೋಡ್ರಿ, ಗಾಳಿ ಎಂಜಿನ್. ಇಪ್ಪತ್ತು ವರ್ಷದಿಂದ ಒಂದು ತೊಟ್ಟು ನೀರು ಕೇಳಿಲ್ಲ" ಅಂದ.

"ಮತ್ತೆ ನೀವ್ಯಾಕೆ ನಿಂತೀರಿ ಇಲ್ಲಿ?" ಅಂದ ಹುಡುಗ.

ಹಾಲಪ್ಪ ಗಾಡಿಯ ಗಾಲಿ ನೋಡಾಕೆ ಹೋದ. ನನಗೆ ನಗು ತಡೆಯಾಕೆ ಆಗಲಿಲ್ಲ. ನಕ್ಕಿದ್ದಕ್ಕೆ ಚೊಂಬಿನ ನೀರು ಪೂರ್ತಿ ಹುಡುಗನಿಗೇ ಬಿಟ್ಟೆ. ಅವನು ಆರೋತನಕ ಕಾಯದೇ ಮುಚ್ಚಳ ತಿರುವಿ, ಮುಖ ಸುಟ್ಟುಕೊಳ್ಳೋದರಾಗೆ ಇದ್ದ. ಅನ್ನದ ಗಡಿಗೆ ಇಳಿಸಿ ಗೊತ್ತಿದ್ದೋರು ಹಂಗೆ ಮಾಡಲ್ಲ.

ಆಮೇಲೆ ಒಂದು ವರ್ಷಕ್ಕೆ ನಮ್ಮ ಗಾಡಿ ಕೈ ಬಿಟ್ಟಿತು. ಹೊನ್ನಾಳಿ ಮೆಕ್ಯಾನಿಕ್ ಎಂಜಿನ್ ಬಿಚ್ಚಿ ನೋಡಿ, "ಹಾಲಣ್ಣ, ಇದರ ಸಾಮಾನು ಈಗ ಎಲ್ಲೂ ಸಿಗಲ್ಲ. ಮಣ್ಣು ಮಾಡು" ಅಂದ. ನಮ್ಮ ಮಗಳು ಶಾಂತಾ, ಅವಳನ್ನ ನ್ಯಾಮತಿಗೇ ಕೊಟ್ಟೀವಿ, ಮುಂದೆ ನಿಂತು ಹೊಸ ಗಾಡಿ ಕೊಡಿಸಿದಳು. ನಾಲ್ಕು ಗಾಲಿ, ಬಾಗಿಲು, ಕೀಲಿ ತಿರುವಿದರೆ ಚಾಲೂ. ನೀರಿನ ಎಂಜಿನ್. ನೀರೂ ಎಂಥಾದು? ಹಸಿರು ಬಣ್ಣದ್ದು, ಬಾಟಲಿಯಾಗೆ ಬರುತ್ತೆ. ಬಾವಿ ನೀರು, ಬೋರ್ ನೀರು ಹಾಕಬೇಡಿ, ಒಳಗೆ ಉಪ್ಪು ಕಟ್ಟುತ್ತೆ ಅಂದ ಅಂಗಡಿಯೋನು. ನಾವು ಹುಟ್ಟಿದಾಗಿಂದ ಕುಡಿದಿದ್ದು ಬಾವಿ ನೀರು, ಬೋರ್ ನೀರೇ. ನಮಗೆ ಎಷ್ಟು ಉಪ್ಪು ಕಟ್ಟೈತೋ ಯಾರೂ ಕೇಳಿಲ್ಲ.

ಪೂಜೆ ದಿನ ಹಾಲಪ್ಪ ನಿಂಬೆಹಣ್ಣಿನ ಮೇಲೆ ಗಾಲಿ ಹತ್ತಿಸಿ ಊರಲ್ಲಿ ಒಂದು ಸುತ್ತು ಹಾಕಿದ. ಅವತ್ತಿಂದ ನೀರಿನ ಎಂಜಿನ್ ಪಕ್ಷಕ್ಕೆ ಸೇರಿಬಿಟ್ಟ. "ಗಾಳಿ ಎಂಜಿನ್ ಅಂತೆ, ಥೂ! ಜೀವನ ಎಲ್ಲಾ ಮರದ ಕೆಳಗೇ ಹೋಯ್ತು" ಅಂದ.

ಮೊದಲ ಸಲ ಜಗಳೂರಿಗೆ ಹೋಗುವಾಗ ಬೇವಿನ ಮರ ಬಂತು. ನಾನು ಎಲೆ ಅಡಿಕೆ ಚೀಲ ಬಿಚ್ಚಿ ರೆಡಿ ಇದ್ದೆ. ಮರ ಬಂದಂಗೇ ಹೋಯ್ತು. ಕಿಟಕಿಯಿಂದ ಕತ್ತು ಹೊರಳಿಸಿ ನೋಡಿದೆ. ಅಷ್ಟು ವರ್ಷ ಕೂತ ಜಾಗ, ಹುಲ್ಲು ಸವೆದು ನನ್ನ ಅಳತೆಗೇ ಬೋಳಾಗಿತ್ತು.

ಇನ್ನೂ ಒಂದು ಕಾಟ. ಹೊಸ ಗಾಡೀಲಿ ಸದ್ದಿಲ್ಲ. ಹಾಲಪ್ಪ ಮಾತಾಡಾಕೆ ಶುರು ಮಾಡಿದ. ಇಪ್ಪತ್ತು ವರ್ಷದ ಬಾಕಿ ಎಲ್ಲಾ ತೀರಿಸೋನಂಗೆ. ಅವನಿಗೆ ಕೇಳಲ್ಲ, ಅದಕ್ಕೇ ಕೂಗಿ ಮಾತಾಡ್ತಾನೆ. ನಾನು ಹೂಂ ಅಂದರೆ ಕೇಳಲ್ಲ, ಅದಕ್ಕೇ ನಾನೂ ಕೂಗಬೇಕು. ನ್ಯಾಮತಿಯಿಂದ ಜಗಳೂರತನಕ ಹೂಂ ಅಂತ ಕೂಗೀನಿ, ಬೇಕಾದರೆ ನೀವೂ ಒಂದು ಸಲ ಕೂಗಿ ನೋಡಿ.

ಮಂಡಕ್ಕೀನೂ ಮೆತ್ತಗಾಯ್ತು. ಹೊಸ ಗಾಡೀಲಿ ಚೀಲಕ್ಕೆ ಬಿಸಿ ತಾಗೋದೇ ಇಲ್ಲ. ಚನ್ನಗಿರಿ ಸಂತೇಲಿ ನಲ್ಲೂರಿನ ಒಬ್ಬಳು ಬಾಯಿಗೆ ಒಂದು ಹಿಡಿ ಹಾಕ್ಕೊಂಡು, "ಏನವ್ವ ತಿಪ್ಪಮ್ಮ, ಮಂಡಕ್ಕಿ ಮಾರೋದು ಬಿಟ್ಟು ಅವಲಕ್ಕಿ ಶುರು ಮಾಡಿದ್ಯಾ?" ಅಂದಳು. ಹೋಯ್ತು ನನ್ನ ಕೈಗುಣ.

ಉಳಿದ ಹೊತ್ತನ್ನ ಹಾಲಪ್ಪ ಖಾಲಿ ಬಿಡಲಿಲ್ಲ. ಸಂತೆಗೆ ಮುಂಚೆ ಎರಡು ಹಳ್ಳಿ, ಸಂತೆ ಆದಮೇಲೆ ಮೂರು ಹಳ್ಳಿ. ಗಾಡಿ ಬಿಸಿಯಾಗಲ್ಲ, ನಾವ್ಯಾಕೆ ಸುಮ್ಮನಿರಬೇಕು ಅಂದ. ನಾವು ಅಂದರೆ ನಾನು. ಅಳೆಯೋಳು, ಇಳಿಸೋಳು, ಹತ್ತಿಸೋಳು. ಅಷ್ಟು ಹಳ್ಳೀಲಿ ಕೂಗಿ ನನ್ನ ಗಂಟಲು ಕಟ್ಟಿತು. ಅದಕ್ಕೆ ಶಾಂತಾ ಒಂದು ಉಪಾಯ ಮಾಡಿದಳು. ಗಾಡಿ ನೆತ್ತಿಗೆ ಒಂದು ಸ್ಪೀಕರ್ ಕಟ್ಟಿಸಿ, ಒಂದು ಮುಂಜಾನೆ ಹಿತ್ತಲಾಗೆ ನನ್ನನ್ನ ನಿಲ್ಲಿಸಿ ಕೂಗಿಸಿ ಅದರಾಗೆ ತುಂಬಿಸಿದಳು. "ಬರ್ರವ್ವಾ ಬರ್ರೀ, ಮಂಡಕ್ಕಿ, ಪುಟಾಣಿ, ಶೇಂಗಾ! ಗರಿಗರಿ ಮಂಡಕ್ಕಿ ಬರ್ರೀ!" ನಾನು ಮುಗಿಸೋದಕ್ಕೂ ನಮ್ಮ ಹುಂಜ ಕೊಕ್ಕೊಕ್ಕೋ ಅನ್ನೋದಕ್ಕೂ ಸರಿ ಹೋಯ್ತು. ಅದೂ ಒಳಗೆ ಸೇರಿಕೊಂಡಿತು. ಅವತ್ತಿಂದ ಜಗಳೂರು ಸೀಮೆ ಹಳ್ಳಿಗಳಾಗೆ ಮಟಮಟ ಮಧ್ಯಾಹ್ನ ನಮ್ಮ ಹುಂಜ ಕೂಗೋದು, ಊರ ಹುಂಜಗಳೆಲ್ಲಾ ತಿರುಗಿ ಕೂಗೋವು.

ನನ್ನ ಗಂಟಲಿಗೆ ಬಿಡುವು ಸಿಕ್ಕಿತು ಅಂದರು. ಆದರೆ ನನ್ನ ದನಿ ನನ್ನ ನೆತ್ತಿ ಮೇಲೇ ದಿನಪೂರ್ತಿ ಕೂಗ್ತಾ ಇರೋದು. ಅದಕ್ಕೆ ದಣಿವಿಲ್ಲ. ಮುಂಜಾನೆ ಎದ್ದು ಮುಖ ತೊಳೆದ ದನಿ ಅದು. ಸಂಜೆಗೂ ಹಂಗೇ ಇರುತ್ತೆ. ಅದರ ಕೆಳಗೆ ನಾನು ನಿಂತಿರ್ತೀನಿ, ಸೊಂಟ ಹಿಡ್ಕೊಂಡು. ಜನ ದನಿ ಕೇಳಿ ಬಂದು ನನ್ನ ನೋಡಿ, ಇವಳಲ್ಲ ಅನ್ನೋ ಹಂಗೆ ಮತ್ತೆ ಮೇಲೆ ನೋಡೋರು.

ನನಗೆ ಬೇಕಾಗಿದ್ದು ದೊಡ್ಡದೇನಲ್ಲ. ಎರಡು ಎಲೆ ಅಡಿಕೆ ಹಾಕೋ ಹೊತ್ತು ಕಾಲು ನೀಡಿ ಕೂರೋದು. ಅದಿಲ್ಲದೇ ಮೈ ನಡೆಯಲ್ಲ ಅಂತ ನನಗೆ ಗೊತ್ತಾಗ್ತಾ ಬಂತು. ಹಾಲಪ್ಪನಿಗೆ ಹೇಳಿದೆ. "ಗಾಡೀಲಿ ಕೂತೇ ಇರ್ತೀಯಲ್ಲ, ಮೆತ್ತನೆ ಸೀಟು" ಅಂದ. ಅವನಂದಿದ್ದೂ ಸುಳ್ಳಲ್ಲ. ಕೂತಿರ್ತಿದ್ದೆ. ಹೂಂ ಅಂತ ಕೂಗ್ತಾ ಕೂತಿರ್ತಿದ್ದೆ.

ಹಂಗೇ ಒಂದು ಜಗಳೂರು ಸಂತೆ ದಿನ. ಸಂತೆ ಮುಗಿಸಿ ಹಾಲಪ್ಪ ಸೊಕ್ಕೆಗೆ ಗಾಡಿ ಬಿಟ್ಟ. ನನ್ನ ತೌರು. ಅಪ್ಪ ಅವ್ವ ಹೋಗಿ ಎಷ್ಟೋ ಕಾಲ ಆಯ್ತು. ಬಿಸಿಲು ಕೆಂಡ. ಹೆಂಗಸರು ಬುಟ್ಟಿ ಹಿಡ್ಕೊಂಡು ಬಂದರು. ಒಬ್ಬಳಿಗೆ ಒಂದು ಸೇರು ಅಳೆದೆ. ಅಳೆದವಳು ಸುರೀತಾನೇ ಇದ್ದೀನಂತೆ, ಬುಟ್ಟಿ ತುಂಬಿ ನೆಲಕ್ಕೆ ಚೆಲ್ಲಿದರೂ. ಆಮೇಲೆ ಗಾಲಿಗೆ ಒರಗಿ ಕೂತೆ. ಏಳಾಕೆ ನೋಡಿದೆ. ಕಾಲು ನನ್ನವಲ್ಲ ಅನ್ನೋ ಹಂಗೆ ಬಿದ್ದಿದ್ದವು. ಮೇಲೆ ನನ್ನ ದನಿ, "ಬರ್ರವ್ವಾ ಬರ್ರೀ" ಅಂತ.

ನನ್ನ ಜೊತೆ ಎರಡನೇ ಕ್ಲಾಸಿನಲ್ಲಿ ಕೂತಿದ್ದ ಗಂಗಮ್ಮ ಅದೇ ಊರಲ್ಲೇ ಇದಾಳೆ. ಬಂದು ನೋಡಿದಳು.

"ಏನೇ ತಿಪ್ಪಿ, ತೌರಿಗೆ ಬಂದು ನೆಲ ಹಿಡಿದ್ಯಾ?"

"ಏಳಾಕೆ ಆಗ್ತಿಲ್ಲ ಕಣೇ."

ಗಂಗಮ್ಮ ಸ್ಪೀಕರ್ ನೋಡಿದಳು, ನನ್ನ ನೋಡಿದಳು. "ಮೇಲೆ ಕೂಗ್ತಿರೋದು ನೀನೋ, ಕೆಳಗೆ ಕೂತಿರೋದು ನೀನೋ?" ಅಂದಳು. ಆಮೇಲೆ ಹಾಲಪ್ಪನ ಕಡೆ ತಿರುಗಿ, "ರೀ ಭಾವ, ಅದನ್ನ ಮೊದಲು ಬಂದ್ ಮಾಡ್ರಿ. ಇವಳು ಸತ್ತರೂ ಕೂಗ್ತೈತೆ ಅದು" ಅಂತ ಬೈದಳು.

ಹಾಲಪ್ಪ ಬಂದ್ ಮಾಡಲಿಲ್ಲ. ಕೇಳಿಸಿತೋ ಇಲ್ಲವೋ. ಒಂದು ಸೋಡಾ ತಂದು ಕೊಟ್ಟ. "ಬಿಸಿಲು" ಅಂದ. ಗಂಗಮ್ಮ ಕಂಕುಳಿಗೆ ಕೈ ಹಾಕಿ ಎಬ್ಬಿಸಿ ಗಾಡೀಲಿ ಕೂರಿಸಿದಳು. ನಾನು ಇಲ್ಲದೇ ಹೋದರೆ ಅಳೆಯೋರು ಯಾರು ಅನ್ನೋದು ಹಾಲಪ್ಪನಿಗೂ ಹೊಳೆದಿರಬೇಕು, ಗುಂಡಿ ಬಂದಲ್ಲೆಲ್ಲ ಗಾಡಿ ಮೆಲ್ಲಗೆ ಬಿಟ್ಟ. ಬೇವಿನ ಮರ ದಾಟಿದ ಮೇಲೆ ಬಾಯಿ ಬಿಟ್ಟ. "ನಾಳೆ ಚನ್ನಗಿರಿ. ಬೆಳಕು ಹರಿಯೋದರೊಳಗೆ ಹೊರಟರೆ ಸಂತೆಗೆ ಮುಂಚೆ ನಲ್ಲೂರ ಕಡೆ ಒಂದು ಸುತ್ತು ಹಾಕಿಬಿಡಾನ."

ನಾನು ಹೂಂ ಅನ್ನಲಿಲ್ಲ. ಅನ್ನದೇ ಇದ್ದಿದ್ದೂ ಅವನಿಗೆ ಕೇಳಲಿಲ್ಲ.

ಮಾರನೇ ದಿನ ಬೆಳಗ್ಗೆ ಎದ್ದೆ. ರೊಟ್ಟಿ ಬಡಿದೆ, ಬುತ್ತಿ ಕಟ್ಟಿದೆ, ಚೀಲ ಹತ್ತಿಸಿದೆ. ಎಂದಿನಂಗೆ ಹತ್ತಿ ಕೂತೆ. ನಾಲೆ ಏರಿ ಬಂತು, ಹೊಂಗೆ ಮರ ಕಾಣಿಸಿತು.

"ನಿಲ್ಸ್ರಿ" ಅಂದೆ.

"ಯಾಕೆ?"

"ಆರಬೇಕು."

ಹಾಲಪ್ಪ ಗಾಡಿ ನಿಲ್ಲಿಸಿ, ಮುಂದೆ ಗಾಜಿನಾಗೆ ಬಿಸಿ ತೋರಿಸೋ ಮುಳ್ಳಿಗೆ ಬೆರಳಿಟ್ಟು ತೋರಿಸಿದ. "ನೋಡು. ಅರ್ಧಕ್ಕೂ ಬಂದಿಲ್ಲ. ತಣ್ಣಗೈತೆ ಗಾಡಿ."

"ಗಾಡಿಗೆ ಮುಳ್ಳು ಇಟ್ಟಾರೆ. ನನಗಿಟ್ಟಿಲ್ಲ" ಅಂದೆ. ಬಾಗಿಲು ತೆಗೆದು ಇಳಿದೆ. ಖಾಲಿ ಚೀಲ ಎಳಕೊಂಡೆ. ಹೊಂಗೆ ಮರದ ಕೆಳಗೆ ಹಾಸಿ ಕೂತು ಕಾಲು ನೀಡಿದೆ.

"ಏ ಹುಚ್ಚಿ, ಸಂತೆಗೆ ಹೊತ್ತಾಗ್ತೈತೆ."

"ನೀವು ಹೋಗ್ರಿ. ನನ್ನ ದನಿ ಗಾಡೀಲೇ ಐತಲ್ಲ, ಅದನ್ನ ಕರ್ಕೊಂಡು ಹೋಗ್ರಿ. ಅದಕ್ಕೆ ಸೊಂಟ ನೋವಿಲ್ಲ."

ಹಾಲಪ್ಪ ಬಾಗಿಲು ಬಡಿದ. ಸ್ಪೀಕರ್ ಹಾಕಿದ, ನನಗೆ ಕೇಳಲಿ ಅಂತಲೇ. ಹೋಗಿಬಿಟ್ಟ. ಬರ್ರವ್ವಾ ಬರ್ರೀ ಅಂತ ನಾನು ನಾಲೆ ಏರಿ ಗುಂಟ ದೂರ ದೂರ ಹೋದೆ. ಹುಂಜ ಒಂದು ಸಲ ಕೂಗಿತು. ಆಮೇಲೆ ಕೇಳಲಿಲ್ಲ. ನಾನು ಎಲೆಗೆ ಸುಣ್ಣ ಹಚ್ಚಿದೆ. ನಾಲೇಲಿ ನೀರು ಹರೀತಾ ಇತ್ತು. ಬಾಯಾಗಿನ ಎಲೆ ಕೆಂಪಾಗೋತನಕ ಏನೂ ಯೋಚನೆ ಮಾಡಲಿಲ್ಲ.

ಮೊದಲನೇ ಎಲೆ ಉಗಿಯೋ ಹೊತ್ತಿಗೆ ದೂರದಾಗೆ ಮತ್ತೆ ಹುಂಜ ಕೂಗಿತು. ಆಮೇಲೆ ನನ್ನ ದನಿ. ಗರಿಗರಿ ಮಂಡಕ್ಕಿ ಅಂತ ಕೂಗ್ತಾ ನಾನೇ ನನ್ನ ಕಡೆ ಬರ್ತಾ ಇದ್ದೆ. ತಿರುಗಿ ನೋಡಲಿಲ್ಲ. ಗಾಡಿ ಬಂದು ನಿಂತಿತು. ದನಿ ಪಟ್ ಅಂತ ನಿಂತಿತು, ಅದೂ ಅರ್ಧ ಮಾತಿನಾಗೆ.

ಹಾಲಪ್ಪ ಇಳಿದು ಬಂದ. ಚೀಲದ ಮೇಲೆ ಜಾಗ ಇತ್ತು, ನಾನು ಸರಿಯಲಿಲ್ಲ. ಅವನು ನೆಲದ ಮೇಲೆ ಕೂತ. ಬೀಡಿ ತೆಗೆದ, ಹಚ್ಚಿದ, ಸೇದಿ ಮುಗಿಸಿದ. ಇಷ್ಟು ಹತ್ತಿರ ಕೂತಿದ್ದರೂ ಹಳೇ ಗಾಡಿ ಕಾಲದಾಗೆ ಕೂಗ್ತಿದ್ದಂಗೇ ಕೂಗಿ ಕೇಳಿದ, "ಆರಿತಾ?"

ಚೊಂಬಿನಾಗೆ ಬೆರಳು ಅದ್ದಿದೆ. ಎರಡು ಹನಿ ನನ್ನ ಮೊಣಕಾಲ ಮೇಲೆ ಚಿಮುಕಿಸಿಕೊಂಡೆ.

"ಇನ್ನೂ ಚುರ್ ಅಂತೈತೆ" ಅಂದೆ. ಎರಡನೇ ಎಲೆಗೆ ಸುಣ್ಣ ಹಚ್ಚಿದೆ.